ಮುಕ್ತ ತಂತ್ರಾಂಶಕ್ಕೆ ಬಿದ್ದ ಬೀಗ: ಟಿವೋ ಪೆಟ್ಟಿಗೆಯ ಕಥೆ

ನೇರ ಪ್ರಸಾರವಾಗುತ್ತಿರುವ ಕ್ರಿಕೆಟ್ ಪಂದ್ಯವನ್ನು ನಡುವೆ ನಿಲ್ಲಿಸಿ, ಊಟ ಮುಗಿಸಿ ಬಂದು, ಬಿಟ್ಟ ಚೆಂಡಿನಿಂದಲೇ ಮತ್ತೆ ನೋಡುವುದು ಇಂದು ಮಕ್ಕಳಿಗೂ ಗೊತ್ತಿರುವ ಸಂಗತಿ. ಮೂರು ದಶಕಗಳ ಹಿಂದೆ ಹಾಗಿರಲಿಲ್ಲ. ಪ್ರಸಾರವಾದದ್ದನ್ನು ಪ್ರಸಾರವಾದ ಹೊತ್ತಿನಲ್ಲೇ ನೋಡಬೇಕಿತ್ತು. ಇಲ್ಲವಾದರೆ ವಿಸಿಆರ್‌ಗೆ ಕ್ಯಾಸೆಟ್ ತುರುಕಿ, ಗಡಿಯಾರ ಹೊಂದಿಸಿ, ಮುದ್ರಣ ಪೂರ್ತಿಯಾದ ಮೇಲೆ ಹಿಂದಕ್ಕೆ ಸುತ್ತಿ ನೋಡಬೇಕಿತ್ತು. ಮುದ್ರಣ ನಡೆಯುತ್ತಿರುವಾಗಲೇ ಅದೇ ಕ್ಯಾಸೆಟ್ಟಿನ ಹಿಂದಿನ ಭಾಗವನ್ನು ನೋಡುವುದಂತೂ ಆಗದ ಮಾತು.

ಈ ಕಟ್ಟನ್ನು ಮುರಿದ ಯಂತ್ರಗಳಲ್ಲಿ ಹೆಸರಾದದ್ದು ಅಮೆರಿಕದ ‘ಟಿವೋ’. ಟೀವಿಯ ಪಕ್ಕದಲ್ಲಿ ಕೂರುತ್ತಿದ್ದ ಈ ಪೆಟ್ಟಿಗೆಯನ್ನು ಕೊಂಡವರಲ್ಲಿ ಹೆಚ್ಚಿನವರಿಗೆ ಅದರೊಳಗೆ ಒಂದು ಪೂರ್ಣ ಪ್ರಮಾಣದ ಕಂಪ್ಯೂಟರ್ ಇದೆಯೆಂದು ಗೊತ್ತಿರಲಿಲ್ಲ. ಆ ಕಂಪ್ಯೂಟರನ್ನು ನಡೆಸುತ್ತಿದ್ದದ್ದು ಲಿನಕ್ಸ್. ನಾನಾ ದೇಶಗಳ ತಂತ್ರಜ್ಞರು ಸೇರಿ ಬರೆದು, ಯಾರು ಬೇಕಾದರೂ ಬಳಸಲಿ, ತಿದ್ದಲಿ, ಹಂಚಲಿ ಎಂದು ಬಿಟ್ಟುಕೊಟ್ಟ ಕಾರ್ಯಾಚರಣ ವ್ಯವಸ್ಥೆ ಅದು. ಅದನ್ನು ಟೀವಿ ಪೆಟ್ಟಿಗೆಗೆ ಒಗ್ಗಿಸಿದ್ದು ಎಂಜಿನಿಯರಿಂಗ್ ಜಾಣ್ಮೆಯ ಕಥೆ. ಒಗ್ಗಿಸಿದ ಮೇಲೆ ಅದಕ್ಕೆ ಬೀಗ ಹಾಕಿದ್ದು ಇನ್ನೊಂದು ಕಥೆ. ಕಾಸು ಕೊಟ್ಟು ಕೊಂಡ ಯಂತ್ರದ ಒಡೆಯ ಯಾರು ಎಂಬ ಪ್ರಶ್ನೆ ಎದ್ದದ್ದು ಈ ಎರಡನೆಯ ಕಥೆಯಿಂದ. ಆ ಪ್ರಶ್ನೆಗೆ ಇಂದಿಗೂ ಒಮ್ಮತದ ಉತ್ತರ ಸಿಕ್ಕಿಲ್ಲ.

ಟೇಪಿನ ಕಾಲ

ದೃಶ್ಯವನ್ನು ಮುದ್ರಿಸಿಟ್ಟು ಬೇರೊಂದು ಹೊತ್ತಿನಲ್ಲಿ ತೋರಿಸುವ ಆಸೆ ಹಳೆಯದು. ಅಮೆರಿಕದ ಆಂಪೆಕ್ಸ್ ಕಂಪನಿ ವ್ಯಾವಹಾರಿಕವಾಗಿ ಯಶಸ್ವಿಯಾದ ಮೊದಲ ವಿಡಿಯೊ ಟೇಪ್ ಯಂತ್ರವನ್ನು 1956ರ ಏಪ್ರಿಲ್‌ನಲ್ಲಿ ಪ್ರದರ್ಶಿಸಿತು. ಅದರ ಬೆಲೆ ಸುಮಾರು 50 ಸಾವಿರ ಡಾಲರ್. ಟೀವಿ ಕೇಂದ್ರಗಳು ಮಾತ್ರ ಕೊಳ್ಳಬಹುದಾದ ಸಾಧನ. ಅದೇ ವರ್ಷ ನವೆಂಬರ್ 30ರಂದು ಸಿಬಿಎಸ್ ಸಂಸ್ಥೆ ಪೂರ್ವ ಕರಾವಳಿಯಲ್ಲಿ ಪ್ರಸಾರವಾದ ವಾರ್ತೆಯನ್ನು ಟೇಪಿಗೆ ಇಳಿಸಿ, ಕೆಲವು ಗಂಟೆಗಳ ನಂತರ ಪಶ್ಚಿಮ ಕರಾವಳಿಯ ವೀಕ್ಷಕರಿಗೆ ತೋರಿಸಿತು. ಅಮೆರಿಕದ ಎರಡು ತುದಿಗಳ ಗಡಿಯಾರಗಳ ನಡುವೆ ಮೂರು ಗಂಟೆಗಳ ಅಂತರ ಇರುವುದರಿಂದ ಇದು ಬೇಕಾಗಿತ್ತು.

1975ರಲ್ಲಿ ಸೋನಿ ಕಂಪನಿಯ ಬೀಟಾಮ್ಯಾಕ್ಸ್, ಮರುವರ್ಷ ಜೆವಿಸಿಯ ವಿಎಚ್‌ಎಸ್ ಬಂದು ಟೇಪು ಮನೆ ಹೊಕ್ಕಿತು. ಹಾಲಿವುಡ್ ಸ್ಟುಡಿಯೊಗಳು ಸೋನಿಯನ್ನು ನ್ಯಾಯಾಲಯಕ್ಕೆ ಎಳೆದವು. ಪ್ರಕರಣ ಅಮೆರಿಕದ ಸುಪ್ರೀಂ ಕೋರ್ಟಿನವರೆಗೂ ಹೋಗಿ, 1984ರಲ್ಲಿ ಐದಕ್ಕೆ ನಾಲ್ಕು ನ್ಯಾಯಮೂರ್ತಿಗಳ ಅಭಿಪ್ರಾಯದಂತೆ ಸೋನಿಗೆ ಗೆಲುವಾಯಿತು. ಮನೆಯಲ್ಲಿ ಆಮೇಲೆ ನೋಡುವುದಕ್ಕೆಂದು ಕಾರ್ಯಕ್ರಮವನ್ನು ಮುದ್ರಿಸಿಕೊಳ್ಳುವುದು ಕೃತಿಸ್ವಾಮ್ಯದ ಉಲ್ಲಂಘನೆ ಅಲ್ಲವೆಂದು ನ್ಯಾಯಾಲಯ ಹೇಳಿತು. ಮುಂದೆ ಬಂದ ಎಲ್ಲ ಮುದ್ರಣ ಯಂತ್ರಗಳೂ ನಿಂತದ್ದು ಈ ತೀರ್ಪಿನ ನೆಲದ ಮೇಲೆ.

ಎರಡನೆಯ ಹುಣ್ಣಿಮೆ

ಟಿವೋದ ಸ್ಥಾಪಕರು ಮೈಕ್ ರಾಮ್ಸೆ ಮತ್ತು ಜಿಮ್ ಬಾರ್ಟನ್. ಇಬ್ಬರೂ ಕ್ಯಾಲಿಫೋರ್ನಿಯಾದ ಸಿಲಿಕಾನ್ ಗ್ರಾಫಿಕ್ಸ್ ಕಂಪನಿಯಲ್ಲಿದ್ದವರು. ಫ್ಲಾರಿಡಾ ರಾಜ್ಯದ ಆರ್ಲ್ಯಾಂಡೊ ನಗರದಲ್ಲಿ ಟೈಮ್ ವಾರ್ನರ್ ಸಂಸ್ಥೆ 1994ರಲ್ಲಿ ಆರಂಭಿಸಿದ ಒಂದು ಭಾರೀ ಪ್ರಯೋಗಕ್ಕೆ ಈ ಕಂಪನಿಯೇ ಯಂತ್ರಗಳನ್ನು ಒದಗಿಸಿತ್ತು. ಕೇಳಿದ ಚಿತ್ರವನ್ನು ಕೇಳಿದ ಗಳಿಗೆಯಲ್ಲಿ ಮನೆಗೆ ಕಳಿಸುವ ಯೋಜನೆ ಅದು. ಕೇಂದ್ರದಲ್ಲಿ ದೊಡ್ಡ ಕಂಪ್ಯೂಟರ್‌ಗಳು, ಮನೆಯಲ್ಲಿ ದುಬಾರಿ ಪೆಟ್ಟಿಗೆಗಳು. ಕೆಲವೇ ಸಾವಿರ ಮನೆಗಳಿಗೆ ತಲುಪಿದ ಈ ಸೇವೆ 1997ರಲ್ಲಿ ನಿಂತುಹೋಯಿತು.

ಅದೇ ವರ್ಷ ರಾಮ್ಸೆ ಮತ್ತು ಬಾರ್ಟನ್ ‘ಟೆಲಿವರ್ಲ್ಡ್’ ಎಂಬ ಕಂಪನಿ ಕಟ್ಟಿದರು. ಮನೆಯೊಳಗಿನ ಸಾಧನಗಳನ್ನೆಲ್ಲ ಬೆಸೆಯುವ ಯಂತ್ರವೊಂದನ್ನು ಮಾಡುವುದು ಮೊದಲಿನ ಯೋಚನೆ. ಕ್ರಮೇಣ ಅದನ್ನು ಬಿಟ್ಟು, ಟೀವಿ ಕಾರ್ಯಕ್ರಮಗಳನ್ನು ಹಾರ್ಡ್ ಡಿಸ್ಕಿಗೆ ಮುದ್ರಿಸುವ ಪೆಟ್ಟಿಗೆಯತ್ತ ತಿರುಗಿದರು. ಆ ವರ್ಷಗಳಲ್ಲಿ ಡಿಸ್ಕಿನ ಬೆಲೆ ವೇಗವಾಗಿ ಇಳಿಯುತ್ತಿತ್ತು. ದೃಶ್ಯವನ್ನು ಕುಗ್ಗಿಸುವ ‘ಎಂಪೆಗ್-2’ ಚಿಪ್ಪುಗಳೂ ಕೈಗೆಟಕುವ ಬೆಲೆಗೆ ಬರುತ್ತಿದ್ದವು. ಕಂಪನಿಯ ಹೆಸರು ಟಿವೋ ಎಂದಾಯಿತು.

1999ರ ಜನವರಿಯಲ್ಲಿ ಲಾಸ್ ವೇಗಾಸ್‌ನ ಎಲೆಕ್ಟ್ರಾನಿಕ್ ಸಾಮಗ್ರಿಗಳ ಮೇಳದಲ್ಲಿ ಪೆಟ್ಟಿಗೆಯನ್ನು ತೋರಿಸಿದ ಮೇಲೆ, ವರ್ಷದ ಮೊದಲ ತ್ರೈಮಾಸಿಕದೊಳಗೇ ಅದು ಮಾರುಕಟ್ಟೆಗೆ ಹೋಗುತ್ತದೆಂದು ರಾಮ್ಸೆ ಘೋಷಿಸಿಬಿಟ್ಟರು. ಆದರೆ ತಂತ್ರಜ್ಞರ ಲೆಕ್ಕದಲ್ಲಿ ಇನ್ನೂ ನಾಲ್ಕೈದು ತಿಂಗಳ ಕೆಲಸ ಬಾಕಿ ಇತ್ತು. ಗಡುವಿನ ಕೊನೆಯ ದಿನ ಮಾರ್ಚ್ 31. ಆ ತಿಂಗಳಲ್ಲಿ ಅಂದು ಎರಡನೆಯ ಹುಣ್ಣಿಮೆ. ಒಂದೇ ತಿಂಗಳಿನಲ್ಲಿ ಬರುವ ಎರಡನೆಯ ಹುಣ್ಣಿಮೆಯ ಚಂದ್ರನನ್ನು ಇಂಗ್ಲಿಷಿನಲ್ಲಿ ‘ಬ್ಲೂ ಮೂನ್’ ಎನ್ನುತ್ತಾರೆ. ಎಂಜಿನಿಯರ್‌ಗಳು ಮೊದಲ ಆವೃತ್ತಿಗೆ ಅದೇ ಹೆಸರಿಟ್ಟರು. ಪೆಟ್ಟಿಗೆ ಅದೇ ದಿನ ಹೊರಬಂತು.

ಫಿಲಿಪ್ಸ್ ಹೆಸರಿನಲ್ಲಿ ಮಾರಾಟಕ್ಕೆ ಬಂದ ಮೊದಲ ಮಾದರಿಯ ಬೆಲೆ 499 ಡಾಲರ್. 14 ಗಂಟೆಗಳ ಕಾರ್ಯಕ್ರಮ ಅದರಲ್ಲಿ ಹಿಡಿಸುತ್ತಿತ್ತು. 30 ಗಂಟೆಗಳ ಮಾದರಿಗೆ 999 ಡಾಲರ್. ಇದರ ಮೇಲೆ ತಿಂಗಳಿಗೆ 9.95 ಡಾಲರ್ ಚಂದಾ. ಪೆಟ್ಟಿಗೆ ದಿನಕ್ಕೊಮ್ಮೆ ತಾನಾಗಿ ದೂರವಾಣಿ ಕರೆ ಮಾಡಿ, ಮುಂದಿನ ದಿನಗಳ ಕಾರ್ಯಕ್ರಮ ಪಟ್ಟಿಯನ್ನು ತಂದುಕೊಳ್ಳುತ್ತಿತ್ತು. ನೋಡುತ್ತಿರುವ ವಾಹಿನಿಯ ಕೊನೆಯ ಅರ್ಧ ಗಂಟೆ ಸದಾ ಡಿಸ್ಕಿನಲ್ಲಿ ಇರುತ್ತಿದ್ದುದರಿಂದ ನೇರ ಪ್ರಸಾರವನ್ನೂ ನಿಲ್ಲಿಸಬಹುದಿತ್ತು, ಹಿಂದಕ್ಕೆ ಓಡಿಸಬಹುದಿತ್ತು. ರಿಮೋಟಿನಲ್ಲಿ ಹೆಬ್ಬೆರಳು ಮೇಲೆ, ಹೆಬ್ಬೆರಳು ಕೆಳಗೆ ಎಂಬ ಎರಡು ಗುಂಡಿಗಳು. ಅವುಗಳಿಂದ ಮನೆಯವರ ರುಚಿ ತಿಳಿದುಕೊಂಡು, ಹೇಳದಿದ್ದರೂ ಕೆಲವು ಕಾರ್ಯಕ್ರಮಗಳನ್ನು ಪೆಟ್ಟಿಗೆ ತಾನೇ ಮುದ್ರಿಸಿಡುತ್ತಿತ್ತು.

ಏಕೆ ಲಿನಕ್ಸ್?

ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ 1991ರಲ್ಲಿ ಬರೆಯತೊಡಗಿದ ಲಿನಕ್ಸ್ ಕರ್ನೆಲ್, ಮೇಜಿನ ಮೇಲಿನ ಕಂಪ್ಯೂಟರ್‌ಗೆಂದು ಹುಟ್ಟಿದ್ದು. ಕರ್ನೆಲ್ ಎಂದರೆ ಕಾರ್ಯಾಚರಣ ವ್ಯವಸ್ಥೆಯ ತಿರುಳು. ಪ್ರೊಸೆಸರ್, ಮೆಮೊರಿ, ಡಿಸ್ಕುಗಳನ್ನು ಯಾರಿಗೆ, ಎಷ್ಟು ಹೊತ್ತು ಕೊಡಬೇಕೆಂದು ತೀರ್ಮಾನಿಸುವುದು ಅದರ ಕೆಲಸ. 1992ರಲ್ಲಿ ಟೊರ್ವಾಲ್ಡ್ಸ್ ಅದನ್ನು ಜಿಪಿಎಲ್ ಎಂಬ ಪರವಾನಗಿಯಡಿ ತಂದರು. ಅದನ್ನು ರೂಪಿಸಿದವರು ಮುಕ್ತ ತಂತ್ರಾಂಶ ಚಳವಳಿಯ ರಿಚರ್ಡ್ ಸ್ಟಾಲ್‌ಮನ್. ಅದರ ಷರತ್ತು ಇಷ್ಟು: ಈ ತಂತ್ರಾಂಶವನ್ನು ನೀವು ತಿದ್ದಿ ಬೇರೆಯವರಿಗೆ ಕೊಟ್ಟರೆ, ತಿದ್ದಿದ ಸೋರ್ಸ್ ಕೋಡನ್ನೂ ಅವರಿಗೆ ಒದಗಿಸಬೇಕು. ಸೋರ್ಸ್ ಕೋಡ್ ಎಂದರೆ ತಂತ್ರಜ್ಞರು ಓದಿ ತಿದ್ದಬಹುದಾದ ಮೂಲ ಬರವಣಿಗೆ.

1990ರ ದಶಕದ ಕೊನೆಯಲ್ಲಿ ಇಂಥ ವ್ಯವಸ್ಥೆಯನ್ನು ಗ್ರಾಹಕ ಸಾಮಗ್ರಿಯೊಳಗೆ ಇಡುವುದು ಹೊಸ ಸಾಹಸ. ಆದರೆ ಟಿವೋಗೆ ಅದರಲ್ಲಿ ಲಾಭ ಕಂಡಿತು. ಪೆಟ್ಟಿಗೆಗೆ ಇಂತಿಷ್ಟು ಎಂದು ಲೈಸೆನ್ಸ್ ಹಣ ಕಟ್ಟಬೇಕಿರಲಿಲ್ಲ. ಅದಕ್ಕಿಂತ ಮುಖ್ಯವಾಗಿ, ವ್ಯವಸ್ಥೆಯ ಒಳಗನ್ನು ತೆರೆದು ತಮಗೆ ಬೇಕಾದಂತೆ ತಿದ್ದಬಹುದಿತ್ತು. ಬೇರೆ ಕಂಪನಿಯ ಮುಚ್ಚಿದ ತಂತ್ರಾಂಶ ಕೊಂಡರೆ ಪ್ರತಿ ತಿದ್ದುಪಡಿಗೂ ಅವರ ಬಾಗಿಲು ಕಾಯಬೇಕಿತ್ತು. ಪವರ್‌ಪಿಸಿ ಪ್ರೊಸೆಸರ್‌ಗೆ ಹೊಂದುವ 2.1.24 ಆವೃತ್ತಿಯ ಕರ್ನೆಲನ್ನು ಟಿವೋ ಆರಿಸಿಕೊಂಡಿತು.

ಡಿಸ್ಕಿನ ಮುಳ್ಳು, ಸಮಯದ ಲೆಕ್ಕ

ಎದುರಾದ ಸಮಸ್ಯೆಯ ಗಾತ್ರ ಒಂದು ಲೆಕ್ಕದಿಂದ ಗೊತ್ತಾಗುತ್ತದೆ. ಅಮೆರಿಕದ ಟೀವಿ ಚಿತ್ರವನ್ನು ಅಂಕಿಗಳಿಗೆ ಇಳಿಸಿದರೆ, ಅಡ್ಡಕ್ಕೆ 720, ಉದ್ದಕ್ಕೆ 480 ಚುಕ್ಕೆಗಳು. ಸೆಕೆಂಡಿಗೆ ಸುಮಾರು 30 ಚಿತ್ರ. ಹಾಗೇ ಬರೆದಿಟ್ಟರೆ ಸೆಕೆಂಡಿಗೆ 20 ಮೆಗಾಬೈಟ್ ಬೇಕು. ಮೊದಲ ಮಾದರಿಯ ಸುಮಾರು 13 ಗಿಗಾಬೈಟ್ ಡಿಸ್ಕು ಹತ್ತು ಹನ್ನೊಂದು ನಿಮಿಷಗಳಲ್ಲಿ ತುಂಬಿಹೋಗುತ್ತದೆ. ಅಷ್ಟೇ ಜಾಗದಲ್ಲಿ 14 ಗಂಟೆ ಹಿಡಿಸಬೇಕಾದರೆ ಚಿತ್ರವನ್ನು ಎಂಬತ್ತರಲ್ಲಿ ಒಂದು ಪಾಲಿಗೆ ಕುಗ್ಗಿಸಬೇಕು. ಪೆಟ್ಟಿಗೆಯ ಪ್ರೊಸೆಸರಾದರೋ 54 ಮೆಗಾಹರ್ಟ್ಸ್ ವೇಗದ್ದು. ಮೆಮೊರಿ 16 ಮೆಗಾಬೈಟ್. ಕುಗ್ಗಿಸುವ ಕೆಲಸ ಅದರ ಕೈಯಲ್ಲಿ ಆಗುವಂಥದ್ದಲ್ಲ. ಹಾಗಾಗಿ ಕುಗ್ಗಿಸಲು ಒಂದು ಚಿಪ್ಪು, ಬಿಡಿಸಿ ತೋರಿಸಲು ಇನ್ನೊಂದು ಚಿಪ್ಪು ಇಟ್ಟರು. ಪ್ರೊಸೆಸರ್ ಮಾಡಬೇಕಾದದ್ದು ಮೇಸ್ತ್ರಿಯ ಕೆಲಸ: ಒಂದು ಚಿಪ್ಪಿನಿಂದ ಬಂದ ಮಾಲನ್ನು ಡಿಸ್ಕಿಗೆ ಕಳಿಸುವುದು, ಡಿಸ್ಕಿನಿಂದ ಬಂದದ್ದನ್ನು ಇನ್ನೊಂದು ಚಿಪ್ಪಿಗೆ ತಲುಪಿಸುವುದು.

ಹೇಳಲು ಸುಲಭ. ಆದರೆ ಹಾರ್ಡ್ ಡಿಸ್ಕಿನಲ್ಲಿ ಓದುವ, ಬರೆಯುವ ತಲೆ ಗ್ರಾಮಾಫೋನಿನ ಮುಳ್ಳಿನಂತೆ ಜಾಗದಿಂದ ಜಾಗಕ್ಕೆ ಸರಿಯಬೇಕು. ಹಾಗೆ ಸರಿದು, ಬೇಕಾದ ಜಾಗ ತನ್ನ ಕೆಳಗೆ ಸುತ್ತಿ ಬರುವವರೆಗೆ ಕಾಯಲು ಆ ಕಾಲದ ಡಿಸ್ಕಿನಲ್ಲಿ ಹದಿನೈದು ಮಿಲಿಸೆಕೆಂಡಿನಷ್ಟು ಹಿಡಿಯುತ್ತಿತ್ತು. ಸಾಮಾನ್ಯ ಕಂಪ್ಯೂಟರಿನಂತೆ ನಾಲ್ಕು ನಾಲ್ಕು ಕಿಲೋಬೈಟುಗಳ ಚೂರು ಮಾಡಿ, ಒಮ್ಮೆ ಇಲ್ಲಿ ಬರೆದು ಒಮ್ಮೆ ಅಲ್ಲಿ ಓದಿದರೆ, ಸೆಕೆಂಡಿಗೆ ಅರವತ್ತು ಎಪ್ಪತ್ತು ಚೂರು ದಾಟುವುದಿಲ್ಲ. ಅಂದರೆ ಸುಮಾರು 270 ಕಿಲೋಬೈಟ್. ಒಂದು ಕಾರ್ಯಕ್ರಮ ಬರೆಯಲಿಕ್ಕೇ ಸೆಕೆಂಡಿಗೆ ಸುಮಾರು 260 ಕಿಲೋಬೈಟ್ ಬೇಕು. ಅದೇ ಹೊತ್ತಿನಲ್ಲಿ ಇನ್ನೊಂದನ್ನು ಓದಿ ತೋರಿಸುವುದು ಹೇಗೆ? ಅರ್ಧ ಮೆಗಾಬೈಟಿನಷ್ಟು ದೊಡ್ಡ ತುಂಡುಗಳಲ್ಲಿ ಬರೆದರೆ ಮಾತ್ರ ಲೆಕ್ಕ ಬದಲಾಗುತ್ತದೆ. ಆಗ ತಲೆ ಸೆಕೆಂಡಿಗೆ ಒಮ್ಮೆ ಸರಿದರೂ ಸಾಕು. ಉಳಿದ ಹೊತ್ತು ಬಿಡುವು.

ಆದ್ದರಿಂದ ಟಿವೋ ದೃಶ್ಯಗಳಿಗಾಗಿಯೇ ‘ಮೀಡಿಯಾ ಫೈಲ್ ಸಿಸ್ಟಂ’ ಎಂಬ ಪ್ರತ್ಯೇಕ ಕಡತ ವ್ಯವಸ್ಥೆಯನ್ನು ಕಟ್ಟಿತು. ಡಿಸ್ಕಿನ ಬಹುಪಾಲು ಜಾಗ ದೊಡ್ಡ ದೊಡ್ಡ ತುಂಡುಗಳಾಗಿ ಇದರ ವಶದಲ್ಲಿರುತ್ತಿತ್ತು. ಲಿನಕ್ಸಿನ ಮಾಮೂಲಿ ಕಡತ ವ್ಯವಸ್ಥೆ ಇದಕ್ಕೆ ಒಗ್ಗದಿರಲು ಮತ್ತೂ ಒಂದು ಕಾರಣ ಉಂಟು. ಆ ಕಾಲದ 32 ಬಿಟ್ ಲಿನಕ್ಸಿನಲ್ಲಿ ಒಂದು ಕಡತ 2 ಗಿಗಾಬೈಟ್ ಮೀರುವಂತಿರಲಿಲ್ಲ. ಮೂರು ಗಂಟೆಯ ಪಂದ್ಯವೊಂದು ಆ ಮಿತಿಯನ್ನು ಸುಲಭವಾಗಿ ದಾಟುತ್ತದೆ.

ಎರಡನೆಯ ತೊಡಕು ನೆನಪಿನದು. ಸಾಮಾನ್ಯ ಕಾರ್ಯಾಚರಣ ವ್ಯವಸ್ಥೆ ಡಿಸ್ಕಿನಿಂದ ಓದಿದ್ದನ್ನು ಮತ್ತೆ ಬೇಕಾದೀತೆಂದು ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತದೆ. ಪತ್ರ, ಲೆಕ್ಕಪತ್ರಗಳಿಗೆ ಇದು ಒಳ್ಳೆಯ ಪದ್ಧತಿ. ಆದರೆ ದೃಶ್ಯ ಒಮ್ಮೆ ತೆರೆಯ ಮೇಲೆ ಹಾದುಹೋದರೆ ಮುಗಿಯಿತು. ಅದನ್ನೆಲ್ಲ ಕೂಡಿಟ್ಟರೆ 16 ಮೆಗಾಬೈಟ್ ಒಂದು ನಿಮಿಷದಲ್ಲಿ ತುಂಬಿ, ನಿಜವಾಗಿ ಬೇಕಾದ ಮೆನು, ಕಾರ್ಯಕ್ರಮ ಪಟ್ಟಿಗಳು ಹೊರಬೀಳುತ್ತವೆ. ಕರ್ನೆಲ್‌ನ ಮೆಮೊರಿಯಿಂದ ಬೇರೆ ಪ್ರೋಗ್ರಾಮಿನ ಮೆಮೊರಿಗೆ ನಕಲು ಮಾಡುವುದೂ ದುರ್ಬಲ ಪ್ರೊಸೆಸರ್‌ಗೆ ಹೊರೆ. ಇದಕ್ಕಾಗಿ ದೃಶ್ಯದ ಮಾಲು ಈ ಉಗ್ರಾಣವನ್ನು ಹೊಗದೆ ಡಿಸ್ಕು ಮತ್ತು ಚಿಪ್ಪುಗಳ ನಡುವೆ ನೇರವಾಗಿ ಓಡಾಡುವಂತೆ ದಾರಿ ಮಾಡಿದರು.

ಮೂರನೆಯದು ಸರದಿಯ ಪ್ರಶ್ನೆ. ಡಿಸ್ಕಿಗೆ ಬಂದ ಬೇಡಿಕೆಗಳನ್ನು ಕರ್ನೆಲ್ ಬಹುಮಹಡಿ ಕಟ್ಟಡದ ಲಿಫ್ಟಿನಂತೆ ನಿಭಾಯಿಸುತ್ತದೆ. ಯಾರು ಮೊದಲು ಗುಂಡಿ ಒತ್ತಿದರು ಎಂದು ನೋಡದೆ, ದಾರಿಯಲ್ಲಿ ಸಿಕ್ಕವರನ್ನು ಹತ್ತಿಸಿಕೊಳ್ಳುತ್ತಾ ಹೋಗುತ್ತದೆ. ತಂತ್ರಜ್ಞರು ಇದನ್ನು ಲಿಫ್ಟಿನ ಹೆಸರಿನಿಂದಲೇ ಕರೆಯುತ್ತಾರೆ. ಒಟ್ಟು ಕೆಲಸ ಇದರಿಂದ ಬೇಗ ಸಾಗಿದರೂ ಮೇಲಿನ ಮಹಡಿಯಲ್ಲಿ ಕಾದವರಿಗೆ ತಡವಾಗಬಹುದು. ಕಚೇರಿಯ ಕಂಪ್ಯೂಟರಿನಲ್ಲಿ ಅರ್ಧ ಸೆಕೆಂಡು ತಡವಾದರೆ ಯಾರೂ ಗಮನಿಸುವುದಿಲ್ಲ. ಟೀವಿಯಲ್ಲಿ ಅರ್ಧ ಸೆಕೆಂಡು ಚಿತ್ರ ಸೆಟೆದು ನಿಂತರೆ ಮನೆಯವರೆಲ್ಲ ಪೆಟ್ಟಿಗೆಯತ್ತ ತಿರುಗುತ್ತಾರೆ. ಮುದ್ರಣದಲ್ಲಿ ತಡವಾದರಂತೂ ಆ ತುಣುಕು ಶಾಶ್ವತವಾಗಿ ಹೋದಂತೆ. ಹಾಗಾಗಿ ಸಮಯದ ಗಡುವಿರುವ ಬೇಡಿಕೆಗಳಿಗೆ ಮೊದಲ ಸರದಿ ಸಿಗುವಂತೆ ಡಿಸ್ಕಿನ ವ್ಯವಸ್ಥೆಯನ್ನು ತಿದ್ದಲಾಯಿತು.

ಇನ್ನು ಕರೆಂಟು. ಟೀವಿ ಪೆಟ್ಟಿಗೆಯನ್ನು ಜನ ಹೇಳದೆ ಕೇಳದೆ ಪ್ಲಗ್ಗಿನಿಂದ ಕಿತ್ತುಹಾಕುತ್ತಾರೆ. ಆಗಿನ ಲಿನಕ್ಸ್ ಕಂಪ್ಯೂಟರ್ ಹಾಗೆ ನಿಂತರೆ, ಮತ್ತೆ ಶುರುವಾಗುವಾಗ ಇಡೀ ಡಿಸ್ಕನ್ನು ತಪಾಸಣೆ ಮಾಡಿಕೊಳ್ಳುತ್ತಾ ನಿಮಿಷಗಟ್ಟಲೆ ಕೂರುತ್ತಿತ್ತು. ಟಿವೋದ ಕಡತ ವ್ಯವಸ್ಥೆ ಪ್ರತಿ ಬದಲಾವಣೆಯನ್ನೂ ಮೊದಲು ದಿನಚರಿಯಂತೆ ಬರೆದುಕೊಳ್ಳುತ್ತಿದ್ದುದರಿಂದ ಬೇಗ ಚೇತರಿಸಿಕೊಳ್ಳುತ್ತಿತ್ತು. ಕರ್ನೆಲ್ ಮತ್ತು ಮುಖ್ಯ ತಂತ್ರಾಂಶಗಳ ಎರಡೆರಡು ಪ್ರತಿಗಳಿಗೆ ಡಿಸ್ಕಿನಲ್ಲಿ ಜಾಗ ಇತ್ತು. ಹೊಸ ಆವೃತ್ತಿ ಬಂದಾಗ ಬಳಕೆಯಲ್ಲಿಲ್ಲದ ಜಾಗಕ್ಕೆ ಅದನ್ನು ಇಳಿಸಿ, ಆಮೇಲೆ ಅತ್ತ ತಿರುಗಿಕೊಳ್ಳುತ್ತಿತ್ತು. ಇಂದಿನ ಎಷ್ಟೋ ಮೊಬೈಲ್ ಫೋನುಗಳು ಅನುಸರಿಸುವುದು ಇದೇ ಉಪಾಯವನ್ನು.

ಕೊಟ್ಟದ್ದು, ಮುಚ್ಚಿಟ್ಟದ್ದು

ಜಿಪಿಎಲ್ ಷರತ್ತಿನಂತೆ ಟಿವೋ ತಾನು ತಿದ್ದಿದ ಕರ್ನೆಲ್‌ನ ಸೋರ್ಸ್ ಕೋಡನ್ನು ಸಾರ್ವಜನಿಕರಿಗೆ ಒದಗಿಸಿತು. ಅದರ ಮೇಲೆ ಕೂರುವ ಮೆನು, ಶಿಫಾರಸು, ದೃಶ್ಯ ನಿರ್ವಹಣೆಯ ತಂತ್ರಾಂಶವನ್ನು ತನ್ನಲ್ಲೇ ಇಟ್ಟುಕೊಂಡಿತು. ಇದಕ್ಕೆ ಪರವಾನಗಿಯ ಅಡ್ಡಿ ಇರಲಿಲ್ಲ. ಮೊದಲ ಮಾದರಿಯ ಪೆಟ್ಟಿಗೆಗಳನ್ನು ಬಿಚ್ಚಿದ ಉತ್ಸಾಹಿಗಳು ದೊಡ್ಡ ಡಿಸ್ಕು ಜೋಡಿಸಿ ಮುದ್ರಣದ ಗಂಟೆಗಳನ್ನು ಹೆಚ್ಚಿಸಿಕೊಂಡರು. ಕೆಲವರು ನೆಟ್‌ವರ್ಕ್ ಕಾರ್ಡು ಸೇರಿಸಿದರು.

ನಂತರದ ಮಾದರಿಗಳಲ್ಲಿ ಚಿತ್ರ ಬದಲಾಯಿತು. ಪೆಟ್ಟಿಗೆಗೆ ವಿದ್ಯುತ್ ಬಂದ ಕೂಡಲೇ ಒಳಗಿನ ಒಂದು ಚಿಪ್ಪು, ಡಿಸ್ಕಿನಲ್ಲಿರುವ ಕರ್ನೆಲ್ ಮೇಲೆ ಕಂಪನಿಯ ಡಿಜಿಟಲ್ ಸಹಿ ಇದೆಯೇ ಎಂದು ನೋಡುತ್ತಿತ್ತು. ಸಹಿ ಇದ್ದರೆ ಮುಂದಿನ ಹೆಜ್ಜೆ, ಇಲ್ಲವಾದರೆ ಇಲ್ಲ. ಸೋರ್ಸ್ ಕೋಡನ್ನು ಯಾರು ಬೇಕಾದರೂ ಪಡೆಯಬಹುದು, ತಿದ್ದಬಹುದು. ಆದರೆ ತಿದ್ದಿದ್ದನ್ನು ತಾನು ಕೊಂಡ ಪೆಟ್ಟಿಗೆಯಲ್ಲೇ ಓಡಿಸುವಂತಿಲ್ಲ. ಚಿತ್ರಗಳ ಹಕ್ಕುದಾರರು ನಕಲಿನ ಭಯದಲ್ಲಿದ್ದರು. ಚಂದಾ ಕಟ್ಟದೆ ಸೇವೆ ಪಡೆಯುವವರ ಚಿಂತೆ ಕಂಪನಿಗಿತ್ತು. ವ್ಯಾಪಾರದ ದೃಷ್ಟಿಯಿಂದ ಬೀಗಕ್ಕೆ ಕಾರಣಗಳು ಇದ್ದವು.

ಪೆಟ್ಟಿಗೆ ಯಾರ ಪರ ಕೆಲಸ ಮಾಡುತ್ತಿದೆ ಎಂಬ ಅನುಮಾನ 2004ರ ಫೆಬ್ರವರಿಯಲ್ಲಿ ಸಾಮಾನ್ಯ ವೀಕ್ಷಕರಿಗೂ ಬಂತು. ಅಮೆರಿಕನ್ ಫುಟ್‌ಬಾಲಿನ ಸೂಪರ್ ಬೌಲ್ ಪಂದ್ಯದ ವಿರಾಮದಲ್ಲಿ ಗಾಯಕಿ ಜಾನೆಟ್ ಜಾಕ್ಸನ್ ಅವರ ಉಡುಪು ಜಾರಿದ ಕ್ಷಣವನ್ನೇ ತನ್ನ ಗ್ರಾಹಕರು ಅತಿ ಹೆಚ್ಚು ಸಲ ಹಿಂದಕ್ಕೆ ಓಡಿಸಿ ನೋಡಿದರೆಂದು ಟಿವೋ ಪ್ರಕಟಿಸಿತು. ಹೆಸರುಗಳನ್ನು ತೆಗೆದುಹಾಕಿದ ಒಟ್ಟಾರೆ ಅಂಕಿ ಅಂಶ ಇದೆಂದು ಕಂಪನಿ ಹೇಳಿತು. ಆದರೂ ತಾವು ಒತ್ತಿದ ಪ್ರತಿ ಗುಂಡಿಯೂ ಎಲ್ಲೋ ದಾಖಲಾಗುತ್ತಿದೆ ಎಂಬುದು ಅನೇಕರಿಗೆ ತಿಳಿದದ್ದೇ ಆಗ.

ಬೆಂಗಳೂರಿಗೆ ಬಂದ ಚರ್ಚೆ

ತಿದ್ದುವ ಸ್ವಾತಂತ್ರ್ಯವಿದ್ದು, ತಿದ್ದಿದ್ದನ್ನು ಓಡಿಸುವ ಸ್ವಾತಂತ್ರ್ಯ ಇಲ್ಲದಿದ್ದರೆ ಮೊದಲನೆಯದಕ್ಕೆ ಅರ್ಥವೇನು ಎಂದು ಕೇಳಿದವರು ಸ್ಟಾಲ್‌ಮನ್. ಈ ಬಗೆಯ ಬೀಗಕ್ಕೆ ಅವರು ‘ಟಿವೋಯೀಕರಣ’ ಎಂಬರ್ಥದ ಇಂಗ್ಲಿಷ್ ಹೆಸರನ್ನೇ ಟಂಕಿಸಿದರು. ಒಂದು ಕಂಪನಿಯ ಹೆಸರು ಹೀಗೆ ಕ್ರಿಯಾಪದವಾಗಿ, ಬೈಗುಳವಾಗಿ ಉಳಿಯಿತು.

ಜಿಪಿಎಲ್‌ನ ಎರಡನೆಯ ಆವೃತ್ತಿ ಬಂದದ್ದು 1991ರಲ್ಲಿ. ಅದನ್ನು ಪರಿಷ್ಕರಿಸಿ ಮೂರನೆಯ ಆವೃತ್ತಿ ತರುವ ಕೆಲಸ 2006ರ ಜನವರಿಯಲ್ಲಿ ಆರಂಭವಾಯಿತು. ಕರಡನ್ನು ಸಾರ್ವಜನಿಕರ ಮುಂದಿಟ್ಟು ದೇಶ ದೇಶಗಳಲ್ಲಿ ಚರ್ಚಿಸಲಾಯಿತು. ಇದಕ್ಕೆಂದು ನಡೆದ ನಾಲ್ಕನೆಯ ಅಂತರರಾಷ್ಟ್ರೀಯ ಸಮ್ಮೇಳನದ ಸ್ಥಳ ಬೆಂಗಳೂರು. 2006ರ ಆಗಸ್ಟ್ 23 ಮತ್ತು 24ರಂದು ನಡೆದ ಈ ಸಭೆಯಲ್ಲಿ ಸ್ಟಾಲ್‌ಮನ್ ಖುದ್ದು ಮಾತನಾಡಿ ಹೊಸ ಪರವಾನಗಿಯನ್ನು ವಿವರಿಸಿದರು. ಪರದೇಶದ ಕಂಪನಿಗಳಿಗೆ ತಂತ್ರಾಂಶ ಬರೆದುಕೊಡುವ ಊರೆಂದು ಹೆಸರಾದ ಬೆಂಗಳೂರಿನಲ್ಲಿ, ಬರೆದ ತಂತ್ರಾಂಶದ ಮೇಲೆ ಬಳಸುವವನ ಹಕ್ಕೇನು ಎಂಬ ಚರ್ಚೆ ನಡೆದದ್ದು ಗಮನಾರ್ಹ.

ಎದುರು ಪಾಳೆಯದಲ್ಲಿ ನಿಂತವರು ಸಣ್ಣವರಲ್ಲ. ಲಿನಕ್ಸ್ ಹೊಸ ಪರವಾನಗಿಗೆ ಬದಲಾಗದು ಎಂದು ಟೊರ್ವಾಲ್ಡ್ಸ್ 2006ರ ಜನವರಿಯಲ್ಲೇ ತಿಳಿಸಿದ್ದರು. ತನ್ನ ತಂತ್ರಾಂಶವನ್ನು ತಿದ್ದಿದವರು ತಿದ್ದುಪಡಿಯನ್ನು ಹಿಂದಿರುಗಿಸಿದರೆ ಸಾಕು, ಅವರು ಮಾಡುವ ಯಂತ್ರ ಹೇಗಿರಬೇಕೆಂದು ಹೇಳುವುದು ತಂತ್ರಾಂಶ ಬರೆದವನ ಕೆಲಸವಲ್ಲ ಎಂಬುದು ಅವರ ವಾದ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಕರ್ನೆಲ್‌ನ ಹತ್ತು ಮಂದಿ ಪ್ರಮುಖ ತಂತ್ರಜ್ಞರು ಹೊಸ ಪರವಾನಗಿಯ ಅಪಾಯಗಳ ಬಗ್ಗೆ ಹೇಳಿಕೆ ಹೊರಡಿಸಿದರು. ಸ್ಟಾಲ್‌ಮನ್ ಅವರಿಗೆ ಬಳಸುವವನ ಸ್ವಾತಂತ್ರ್ಯ ಮುಖ್ಯವಾಗಿದ್ದರೆ, ಟೊರ್ವಾಲ್ಡ್ಸ್ ಅವರಿಗೆ ಬರೆಯುವವರ ನಡುವಿನ ಕೊಡು ಕೊಳ್ಳುವಿಕೆ ಮುಖ್ಯವಾಗಿತ್ತು. ಹದಿನೈದು ವರ್ಷ ಒಂದೇ ಪರವಾನಗಿಯ ಕೆಳಗೆ ಮುಚ್ಚಿಹೋಗಿದ್ದ ಈ ಭಿನ್ನಾಭಿಪ್ರಾಯವನ್ನು ಒಂದು ಟೀವಿ ಪೆಟ್ಟಿಗೆ ಬಯಲಿಗೆ ತಂದಿತು.

ಜಿಪಿಎಲ್ ಮೂರನೆಯ ಆವೃತ್ತಿ 2007ರ ಜೂನ್ 29ರಂದು ಪ್ರಕಟವಾಯಿತು. ಮನೆಬಳಕೆಯ ಸಾಮಗ್ರಿಗಳೊಳಗೆ ಈ ತಂತ್ರಾಂಶ ಇಟ್ಟು ಮಾರುವವರು, ತಿದ್ದಿದ ಆವೃತ್ತಿಯನ್ನು ಅದೇ ಸಾಮಗ್ರಿಯಲ್ಲಿ ಅಳವಡಿಸಲು ಬೇಕಾದ ಮಾಹಿತಿಯನ್ನು, ಕೀಲಿಗಳೂ ಸೇರಿದಂತೆ, ಕೊಡಬೇಕೆಂಬ ನಿಯಮ ಅದರಲ್ಲಿ ಸೇರಿತು. ಲಿನಕ್ಸ್ ಕರ್ನೆಲ್ ಮಾತ್ರ ಎರಡನೆಯ ಆವೃತ್ತಿಯಲ್ಲೇ ಉಳಿದಿದೆ. ಅದಕ್ಕೆ ಕೋಡು ಬರೆದವರು ಸಾವಿರಾರು ಮಂದಿ. ತಮ್ಮ ತಮ್ಮ ಭಾಗದ ಹಕ್ಕು ಅವರವರಲ್ಲೇ ಇರುವುದರಿಂದ, ಮನಸ್ಸು ಮಾಡಿದರೂ ಬದಲಾವಣೆ ಸುಲಭವಲ್ಲ.

ಬೀಗವಿಲ್ಲದ ದಾರಿ

ಟಿವೋ ಮಾಡಿದ್ದನ್ನೇ ಬೀಗವಿಲ್ಲದೆ ಮಾಡಲು ಹೊರಟವರೂ ಇದ್ದರು. ಜರ್ಮನಿಯ ಕ್ಲಾಸ್ ಶ್ಮಿಡಿಂಗರ್ 2000ದಲ್ಲಿ ‘ವಿಡಿಯೊ ಡಿಸ್ಕ್ ರೆಕಾರ್ಡರ್’ ಎಂಬ ಮುಕ್ತ ತಂತ್ರಾಂಶ ಬಿಡುಗಡೆ ಮಾಡಿದರು. ಅಮೆರಿಕದ ಐಸಾಕ್ ರಿಚರ್ಡ್ಸ್ 2002ರಲ್ಲಿ ‘ಮಿಥ್‌ಟೀವಿ’ ಆರಂಭಿಸಿದರು. ಹಳೆಯ ಕಂಪ್ಯೂಟರಿಗೆ ಟೀವಿ ಕಾರ್ಡು ಸಿಕ್ಕಿಸಿ ಯಾರು ಬೇಕಾದರೂ ಮುದ್ರಣ ಯಂತ್ರ ಮಾಡಿಕೊಳ್ಳಬಹುದಾಯಿತು.

ಈ ನಡುವೆ ಕರ್ನೆಲ್ ಕೂಡ ಬೆಳೆಯಿತು. ಮೆಮೊರಿಯ ಉಗ್ರಾಣ ಬಿಟ್ಟು ನೇರ ಡಿಸ್ಕಿಗೆ ಹೋಗುವ ದಾರಿ 2001ರಲ್ಲಿ ಎಲ್ಲರ ಬಳಕೆಗೆ ಸೇರಿತು. ಬೇಡಿಕೆಗಳಿಗೆ ಗಡುವು ಹಾಕಿ ಸರದಿ ನಿರ್ಧರಿಸುವ ವ್ಯವಸ್ಥೆ 2002ರಲ್ಲಿ ಬಂತು. ಕರ್ನೆಲ್ ತನ್ನದೇ ಕೆಲಸದಲ್ಲಿ ಮುಳುಗಿರುವಾಗಲೂ ತುರ್ತು ಕೆಲಸಕ್ಕೆ ದಾರಿ ಬಿಡುವಂತೆ ರಾಬರ್ಟ್ ಲವ್ ಮೊದಲಾದವರು ಮಾಡಿದ ತಿದ್ದುಪಡಿ ಅದೇ ವರ್ಷ ಒಳಸೇರಿತು. ಇವೆಲ್ಲವೂ 2003ರ ಡಿಸೆಂಬರ್‌ನಲ್ಲಿ ಬಂದ 2.6 ಆವೃತ್ತಿಯಲ್ಲಿದ್ದವು. ಸಮಯಪಾಲನೆಯನ್ನು ಕಟ್ಟುನಿಟ್ಟಾಗಿ ಖಾತರಿಪಡಿಸುವ, ಇಪ್ಪತ್ತು ವರ್ಷ ಹೊರಗೇ ಬೆಳೆದ ತಿದ್ದುಪಡಿಗಳ ಕೊನೆಯ ಕಂತು 2024ರಲ್ಲಿ 6.12 ಆವೃತ್ತಿಯೊಂದಿಗೆ ಮುಖ್ಯ ಕರ್ನೆಲ್‌ಗೆ ಸೇರಿತು. ಟಿವೋ 1999ರಲ್ಲಿ ತನ್ನ ಪೆಟ್ಟಿಗೆಗೆ ಕೈಯಾರೆ ಮಾಡಿಕೊಂಡದ್ದರಲ್ಲಿ ಬಹುಪಾಲು ಈಗ ಎಲ್ಲರಿಗೂ ಸಿದ್ಧವಾಗಿ ಸಿಗುತ್ತದೆ.

ಆದರೆ ಕೋಡು ಮುಕ್ತವಾದರೆ ಸಾಲದು ಎಂಬುದು ಮಿಥ್‌ಟೀವಿ ಬಳಸುವವರಿಗೆ 2007ರಲ್ಲಿ ಅರಿವಾಯಿತು. ಅಮೆರಿಕದಲ್ಲಿ ಅವರು ಉಚಿತವಾಗಿ ಪಡೆಯುತ್ತಿದ್ದ ಕಾರ್ಯಕ್ರಮ ಪಟ್ಟಿಯ ಸೇವೆ ಆ ವರ್ಷ ನಿಂತಿತು. ಯಾವ ಕಾರ್ಯಕ್ರಮ ಎಷ್ಟು ಹೊತ್ತಿಗೆ ಎಂದು ಗೊತ್ತಿಲ್ಲದಿದ್ದರೆ ಮುದ್ರಣ ಯಂತ್ರ ಕುರುಡು. ಕೊನೆಗೆ ತಂತ್ರಜ್ಞರೇ ಸೇರಿ ಲಾಭದ ಉದ್ದೇಶವಿಲ್ಲದ ಸಂಸ್ಥೆ ಕಟ್ಟಿ, ಸಣ್ಣ ಚಂದಾ ಎತ್ತಿ ಪಟ್ಟಿಯನ್ನು ಕೊಳ್ಳಬೇಕಾಯಿತು.

ಟಿವೋದ ಹಣದ ಬಲ ಕ್ರಮೇಣ ಪೆಟ್ಟಿಗೆಯಿಂದ ಪೇಟೆಂಟಿಗೆ ಸರಿಯಿತು. ಮುದ್ರಿಸುತ್ತಲೇ ಹಿಂದಿನದನ್ನು ತೋರಿಸುವ ವಿಧಾನಕ್ಕೆ 2001ರಲ್ಲಿ ಪಡೆದ ಪೇಟೆಂಟನ್ನು ಹಿಡಿದು ಎಕೋಸ್ಟಾರ್ ಎಂಬ ಉಪಗ್ರಹ ಟೀವಿ ಕಂಪನಿಯ ಮೇಲೆ 2004ರಲ್ಲಿ ಅದು ದಾವೆ ಹೂಡಿತು. 2011ರಲ್ಲಿ 50 ಕೋಟಿ ಡಾಲರ್‌ಗೆ ರಾಜಿಯಾಯಿತು. 2016ರಲ್ಲಿ ಟಿವೋವನ್ನು ರೋವಿ ಕಂಪನಿ ಕೊಂಡಿತು. 2020ರಲ್ಲಿ ಅದು ಎಕ್ಸ್‌ಪೆರಿ ಜತೆ ವಿಲೀನವಾಯಿತು. 2025ರಲ್ಲಿ ಮುದ್ರಣ ಪೆಟ್ಟಿಗೆಗಳ ಮಾರಾಟವನ್ನೇ ನಿಲ್ಲಿಸಲಾಯಿತು. ಕೇಳಿದಾಗ ಕೇಳಿದ ಚಿತ್ರ ಅಂತರಜಾಲದಲ್ಲಿ ಸಿಗುವ ಕಾಲದಲ್ಲಿ ಮನೆಯ ಡಿಸ್ಕಿಗೆ ಬೇಡಿಕೆ ಉಳಿಯಲಿಲ್ಲ. ಆರ್ಲ್ಯಾಂಡೊದಲ್ಲಿ ಸೋತ ಯೋಚನೆಯೇ ಕೊನೆಗೆ ಗೆದ್ದಿತು.

ಅಂಗಡಿ ಮೂಲೆಯ ಪೆಟ್ಟಿಗೆ

ದೃಶ್ಯ ಮುದ್ರಿಸುವ ಪೆಟ್ಟಿಗೆಗಳು ಹಾಗೆಂದು ಮಾಯವಾಗಿಲ್ಲ. ಕಿರಾಣಿ ಅಂಗಡಿಯಿಂದ ಸಹಕಾರಿ ಬ್ಯಾಂಕಿನವರೆಗೆ ಸಿಸಿ ಕ್ಯಾಮೆರಾ ಇರುವಲ್ಲೆಲ್ಲ ಮೂಲೆಯಲ್ಲಿ ಒಂದು ‘ಡಿವಿಆರ್’ ಇರುತ್ತದೆ. ಅವುಗಳಲ್ಲಿ ಹೆಚ್ಚಿನವುಗಳ ಒಳಗೆ ಓಡುವುದು ಲಿನಕ್ಸೇ. ಎಂಟೋ ಹದಿನಾರೋ ಕ್ಯಾಮೆರಾಗಳ ದೃಶ್ಯವನ್ನು ಒಂದೇ ಡಿಸ್ಕಿಗೆ ಎಡೆಬಿಡದೆ ಬರೆಯುವಾಗ ಎದುರಾಗುವುದೂ ಅದೇ ಮುಳ್ಳು, ಅದೇ ಸರದಿ, ಅದೇ ಗಡುವಿನ ಲೆಕ್ಕ.

ಈ ಪೆಟ್ಟಿಗೆಗಳ ಇನ್ನೊಂದು ಮುಖ 2016ರಲ್ಲಿ ಕಂಡಿತು. ‘ಮಿರಾಯ್’ ಎಂಬ ದುಷ್ಟ ತಂತ್ರಾಂಶ, ಕಾರ್ಖಾನೆಯಲ್ಲಿ ಇಟ್ಟ ಪಾಸ್‌ವರ್ಡನ್ನೇ ಉಳಿಸಿಕೊಂಡಿದ್ದ ಕ್ಯಾಮೆರಾ ಮತ್ತು ಡಿವಿಆರ್‌ಗಳೊಳಗೆ ನುಗ್ಗಿ ಅವುಗಳನ್ನು ದಂಡುಗಟ್ಟಿಸಿತು. ಅಕ್ಟೋಬರ್ 21ರಂದು ಅಮೆರಿಕದ ಡಿನ್ ಕಂಪನಿಯ ಮೇಲೆ ನಡೆದ ದಾಳಿಯಿಂದ ಟ್ವಿಟರ್ ಸೇರಿದಂತೆ ಹಲವು ಹೆಸರಾಂತ ತಾಣಗಳು ಗಂಟೆಗಟ್ಟಲೆ ಸಿಗದಾದವು. ಕೆಲವು ಪೆಟ್ಟಿಗೆಗಳ ಪಾಸ್‌ವರ್ಡ್ ಒಳಗೇ ಬೆಸೆದುಹೋಗಿದ್ದು, ಕೊಂಡವರು ಬದಲಿಸಲು ಆಗುವಂತೆಯೇ ಇರಲಿಲ್ಲ. ಮಾಡಿದವರು ತಿದ್ದಿಕೊಡುವುದಿಲ್ಲ, ಕೊಂಡವನಿಗೆ ತಿದ್ದಲು ದಾರಿಯಿಲ್ಲ. ಒಳಗಿರುವುದೇನೋ ಮುಕ್ತ ತಂತ್ರಾಂಶ.

ಬೀಗದ ಪರವಾಗಿ ಮಾತನಾಡುವವರು, ಸಹಿ ನೋಡುವ ಇದೇ ಏರ್ಪಾಡು ದುಷ್ಟ ತಂತ್ರಾಂಶವನ್ನೂ ಹೊರಗಿಡುತ್ತದೆ ಎನ್ನುತ್ತಾರೆ. ಅದರಲ್ಲಿ ಸತ್ಯವಿದೆ. ಮನೆಗೆ ಬೀಗ ಬೇಡವೆಂದು ಯಾರೂ ಹೇಳುವುದಿಲ್ಲ. ಬೀಗದ ಕೈ ಮನೆಯವನಲ್ಲೂ ಒಂದಿರಬೇಕು ಎಂಬುದಷ್ಟೇ ಜಿಪಿಎಲ್ ಮೂರನೆಯ ಆವೃತ್ತಿಯ ಬೇಡಿಕೆ. ಅಮೆರಿಕದ ‘ಸಾಫ್ಟ್‌ವೇರ್ ಫ್ರೀಡಂ ಕನ್ಸರ್ವೆನ್ಸಿ’ ಎಂಬ ಸಂಸ್ಥೆ ವಿಜಿಯೊ ಎಂಬ ಟೀವಿ ತಯಾರಕ ಕಂಪನಿಯ ಮೇಲೆ 2021ರಲ್ಲಿ ದಾವೆ ಹೂಡಿ, ಟೀವಿಯೊಳಗಿನ ಲಿನಕ್ಸಿನ ಸೋರ್ಸ್ ಕೋಡನ್ನು ಕೇಳಿತು. ಅದು ಕೇಳಿದ್ದು ತಂತ್ರಾಂಶ ಬರೆದವನ ನೆಲೆಯಲ್ಲಿ ಅಲ್ಲ, ಅಂಗಡಿಯಲ್ಲಿ ಟೀವಿ ಕೊಂಡ ಗ್ರಾಹಕನ ನೆಲೆಯಲ್ಲಿ. ಟಿವೋ ಪೆಟ್ಟಿಗೆಗಳ ಮಾರಾಟ ನಿಂತಿದ್ದರೂ ಅದು ಎತ್ತಿದ ಪ್ರಶ್ನೆ ಈಗ ಕಾರು, ಟ್ರ್ಯಾಕ್ಟರ್, ಫೋನುಗಳ ಖರೀದಿದಾರರ ಬಾಯಲ್ಲೂ ಕೇಳಿಬರುತ್ತಿದೆ.